ಹೆಗಲು ಹೇಳಿದ ವೇಗ: ಅಟ್ಟದಿಂದ ಇಳಿದ ಒಂದು ರೀಲಿನ ಪ್ರಕರಣ

ಕಾಸರಗೋಡಿನ ಹಳೆಯ ಮನೆಗಳು ಒಂದೊಂದಾಗಿ ಹಂಚು ಇಳಿಸಿಕೊಳ್ಳುತ್ತಿವೆ. ಹಂಚು ಇಳಿಸುವ ಮೊದಲು ಅಟ್ಟ ಖಾಲಿ ಮಾಡಬೇಕು. ಅಟ್ಟದಲ್ಲಿದ್ದದ್ದನ್ನು ಗುಜರಿಗೆ ಹಾಕಲು ಮನಸ್ಸು ಬಾರದವರು ನಮ್ಮ ವಾಚನಾಲಯಕ್ಕೆ ಫೋನು ಮಾಡುತ್ತಾರೆ. ಬದಿಯಡ್ಕದ ಕಡೆಯ ಒಂದು ಮನೆಯಿಂದ ಹಾಗೆ ಮೂರು ಗೋಣಿಚೀಲ ಬಂದವು. ಗೆದ್ದಲು ಓದಿ ಮುಗಿಸಿದ ಪಂಚಾಂಗಗಳು, ಮದರಾಸು ಸರಕಾರದ ಕಾಲದ ಪಠ್ಯಪುಸ್ತಕಗಳು, ಬೆನ್ನು ಹರಿದ ಯಕ್ಷಗಾನ ಪ್ರಸಂಗಗಳು. ಎರಡನೆಯ ಚೀಲದ ತಳದಲ್ಲಿ ಏಳು ಅಂಗುಲ ಅಗಲದ ಒಂದು ದುಂಡನೆಯ ತಗಡಿನ ಡಬ್ಬಿ. ಅಂಚಿನ ಸುತ್ತ ಗಾಯಕ್ಕೆ ಹಾಕುವ ಪ್ಲಾಸ್ಟರು, ಅದರ ಮೇಲೆ ಮೇಣ. ಮುಚ್ಚಳದ ಮೇಲೆ ಮೊಳೆಯಲ್ಲಿ ಕೊರೆದ ಕನ್ನಡ ಅಕ್ಷರ: ‘ಪಟ್ಟಣ. 5 ಜನ.’

ಮನೆಯವರಿಗೆ ಅದರ ಬಗ್ಗೆ ಏನೂ ಗೊತ್ತಿರಲಿಲ್ಲ. ‘ಅಜ್ಜನ ತಮ್ಮ ಒಬ್ಬರು ಮದರಾಸಿನಲ್ಲಿದ್ದರಂತೆ, ಮದುವೆಯಾಗಿರಲಿಲ್ಲವಂತೆ’ ಎಂಬಷ್ಟೇ ಸಿಕ್ಕಿತು. ಇದರಲ್ಲಿ ಆಶ್ಚರ್ಯವೇನಿಲ್ಲ. 1956ರ ನವೆಂಬರ್ 1ರವರೆಗೆ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯೊಳಗೆ, ಮದರಾಸು ರಾಜ್ಯದೊಳಗೆ ಇತ್ತು. ಕಾಲೇಜು, ಕಚೇರಿ, ಕೋರ್ಟು, ಹೋಟೆಲು ಎಂದು ನಮ್ಮವರು ಮೈಲು ಗಾಡಿ ಹತ್ತಿ ಹೋಗುತ್ತಿದ್ದದ್ದು ಅಲ್ಲಿಗೇ.

ಮೇಣ ಕೆರೆದು ಡಬ್ಬಿ ತೆರೆದಾಗ ಹುಳಿತ ಕಳ್ಳಿನ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆಯೇ ಒಂದು ಎಚ್ಚರಿಕೆ. ಅದನ್ನು ನಾನು ಗಮನಿಸದೆ ಬಿಟ್ಟೆ. ಈ ಪ್ರಕರಣವನ್ನು ಬರೆದಿಡುವುದಕ್ಕೆ ಮೊದಲ ಕಾರಣ ಅದು.

ಮೊದಲ ಪ್ರದರ್ಶನ, ಅಥವಾ ನನ್ನ ತಪ್ಪು

ಒಳಗಿದ್ದದ್ದು 16 ಮಿಲಿಮೀಟರಿನ ಫಿಲ್ಮು. ಒಂದು ಶಾಲೆಯ ಉಗ್ರಾಣದಲ್ಲಿ ಅದೇ ಅಳತೆಯ ಪ್ರೊಜೆಕ್ಟರು ಇತ್ತು, ಮಕ್ಕಳಿಗೆ ಸಾಕ್ಷ್ಯಚಿತ್ರ ತೋರಿಸುತ್ತಿದ್ದ ಕಾಲದ್ದು. ದೀಪ ಬದಲಿಸಿ, ಎಣ್ಣೆ ಹಾಕಿ ಓಡುವಂತೆ ಮಾಡಿದೆವು. ಆಗಸ್ಟಿನ ಒಂದು ಶನಿವಾರ ಸಂಜೆ, ಹೊರಗೆ ಸುರಿಯುವ ಮಳೆ, ಒಳಗೆ ನಲವತ್ತು ಜನ. ‘ಇದು ಬೆಂಕಿ ಹಿಡಿಯುವ ರೀಲಲ್ಲವಷ್ಟೆ?’ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಆ ಭಯ 35 ಮಿ.ಮೀ.ನ ಹಳೆಯ ನೈಟ್ರೇಟ್ ಫಿಲ್ಮಿನದು. 1923ರಲ್ಲಿ ಕೊಡಕ್ ಕಂಪೆನಿ 16 ಮಿ.ಮೀ. ತಂದದ್ದೇ ಮನೆಮಂದಿಯ ಕೈಗೆ ಕೊಡಲಿಕ್ಕೆ. ಅದು ಮೊದಲಿನಿಂದಲೂ ಸುಲಭಕ್ಕೆ ಹೊತ್ತಿಕೊಳ್ಳದ ಅಸಿಟೇಟಿನದು. ಇದನ್ನು ಹೇಳಿ ಎಲ್ಲರನ್ನೂ ಕೂರಿಸಿದೆ. ಬೆಂಕಿಯ ವಿಷಯ ಗೊತ್ತಿದ್ದವನಿಗೆ ಹುಳಿಯ ವಿಷಯ ಗೊತ್ತಿರಲಿಲ್ಲ.

ಪರದೆಯ ಮೇಲೆ ಒಂದು ದೊಡ್ಡ ಊರು. ನಾಲ್ಕು ಜನ ಬೀದಿಯಲ್ಲಿ ನಡೆಯುತ್ತಿದ್ದಾರೆ. ಒಬ್ಬರ ಕೊರಳಿನಿಂದ ಹಾರ್ಮೋನಿಯಂ ತೂಗುತ್ತಿದೆ, ಒಬ್ಬರು ಹೊಟ್ಟೆಗೆ ಅಡ್ಡಲಾಗಿ ಮೃದಂಗ ಕಟ್ಟಿಕೊಂಡಿದ್ದಾರೆ, ಒಬ್ಬರ ಕೈಯಲ್ಲಿ ತಾಳ, ನಾಲ್ಕನೆಯವರು ಬಟ್ಟೆಯ ಚೀಲದಲ್ಲಿ ಪಿಟೀಲು ಹಿಡಿದಿದ್ದಾರೆ. ಧ್ವನಿ ಇಲ್ಲ. ನಡಿಗೆ ಎಂದೆನಲ್ಲ, ಅದು ನಡಿಗೆಯಾಗಿರಲಿಲ್ಲ. ಬಿಸಿ ತಾಗಿದ ಇರುವೆಗಳ ಹಾಗೆ ನಾಲ್ವರೂ ಚುರುಚುರು ಓಡುತ್ತಿದ್ದರು. ಮಕ್ಕಳು ನಕ್ಕರು, ಆಮೇಲೆ ದೊಡ್ಡವರೂ ನಕ್ಕರು. ಮೂರನೆಯ ನಿಮಿಷಕ್ಕೆ ಫಿಲ್ಮು ಪ್ರೊಜೆಕ್ಟರಿನ ಗೇಟಿನಲ್ಲಿ, ಅಂದರೆ ದೀಪದ ಎದುರಿನ ಕಿಂಡಿಯಲ್ಲಿ, ಸಿಕ್ಕಿಕೊಂಡಿತು. ಹಾರ್ಮೋನಿಯಂನವರ ಮುಖ ಪರದೆಯ ಮೇಲೆ ಒಂದು ಕ್ಷಣ ನಿಂತು, ನಡುವಿನಿಂದ ಕಂದಾಗಿ, ಗುಳ್ಳೆಯೆದ್ದು ಕರಗಿಹೋಯಿತು. ನಾನು ಗುಂಡಿ ಒತ್ತುವಷ್ಟರಲ್ಲಿ ಒಂಬತ್ತು ಚೌಕಟ್ಟು, ಅಂದರೆ ಫಿಲ್ಮಿನ ಒಂಬತ್ತು ಬಿಡಿ ಚಿತ್ರ, ಹಾಳಾಗಿದ್ದವು.

ಹಾಳಾದದ್ದು ಬೇರೆಲ್ಲೂ ಸಿಗದ ಚೌಕಟ್ಟು ಎಂಬುದು ಮರುದಿನ ಹಗಲು ಬೆಳಕಿನಲ್ಲಿ ತಿಳಿಯಿತು. ನೆಗೆಟಿವಿನಿಂದ ತೆಗೆದ ಪ್ರತಿಯಾದರೆ ಫಿಲ್ಮಿನ ಅಂಚು ತಿಳಿಯಾಗಿರುತ್ತದೆ. ಇದರ ಅಂಚು ಕಪ್ಪು. ಅಂದರೆ ರಿವರ್ಸಲ್ ಫಿಲ್ಮು: ಕ್ಯಾಮೆರಾದೊಳಗೆ ಓಡಿದ ಪಟ್ಟಿಯೇ ಸಂಸ್ಕರಣೆಯಾಗಿ ಪರದೆಗೆ ಬರುವ ಬಗೆ. ಅದಕ್ಕೆ ನೆಗೆಟಿವ್ ಎಂಬುದೇ ಇರುವುದಿಲ್ಲ. ಹವ್ಯಾಸಿಗಳು ಅಗ್ಗಕ್ಕಾಗುತ್ತದೆಂದು ಇದನ್ನೇ ಬಳಸುತ್ತಿದ್ದರು.

ಮೊದಲೇ ಮಾಡಬೇಕಿದ್ದ ಅಳತೆಯನ್ನು ಆಗ ಮಾಡಿದೆವು. 16 ಮಿ.ಮೀ. ಫಿಲ್ಮಿನಲ್ಲಿ ಒಂದು ತೂತಿನಿಂದ ಮುಂದಿನ ತೂತಿಗೆ 7.62 ಮಿ.ಮೀ.; ನೂರು ಚೌಕಟ್ಟಿಗೆ 762 ಮಿ.ಮೀ. ಆಗಬೇಕು. ಬಡಗಿಯ ಉಕ್ಕಿನ ಟೇಪು ಹಿಡಿದಾಗ ನಮ್ಮದು 756 ಬಂತು. ಆರು ಮಿಲಿಮೀಟರು ಎಂದರೆ ಕೇಳುವುದಕ್ಕೆ ಏನೂ ಅಲ್ಲ. ಆದರೆ ಪ್ರೊಜೆಕ್ಟರಿನ ಹಲ್ಲಿಗೆ ಅದು ಲೆಕ್ಕ, ನೂರಕ್ಕೆ 0.8ರಷ್ಟು ಕುಗ್ಗಿದ ಫಿಲ್ಮಿನ ತೂತು ಹಲ್ಲಿಗೆ ಸರಿಯಾಗಿ ಕೂರುವುದಿಲ್ಲ. ಕುಗ್ಗಿದ್ದಕ್ಕೂ ವಾಸನೆಗೂ ಮೂಲ ಒಂದೇ. ಅಸಿಟೇಟು ತೇವ ಮತ್ತು ಸೆಕೆಗೆ ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ, ಬಿಟ್ಟ ಆಮ್ಲವೇ ಇನ್ನಷ್ಟು ಒಡೆಯುವುದಕ್ಕೆ ಒದಗುತ್ತದೆ. ವರ್ಷಕ್ಕೆ ಮೂರು ಸಾವಿರ ಮಿ.ಮೀ. ಮೀರಿ ಮಳೆ ಬೀಳುವ ಊರು ನಮ್ಮದು. ಅದರ ಮೇಲೆ ಪ್ಲಾಸ್ಟರು, ಮೇಣ. ಗಾಳಿ ಆಡಿದ್ದರೆ ಹೊರಟುಹೋಗುತ್ತಿದ್ದ ಆಮ್ಲವನ್ನು ಆ ಮನೆಯ ಯಾರೋ ಪ್ರೀತಿಯಿಂದ ಒಳಗೇ ಕೂಡಿಹಾಕಿದ್ದರು. ಜೋಪಾನ ಮಾಡಿದ್ದರಿಂದಲೇ ಕೆಟ್ಟ ವಸ್ತು ಇದು. ಅವರನ್ನು ದೂರುವ ಬಾಯಿ ನನಗಿಲ್ಲ, ಒಂಬತ್ತು ಚೌಕಟ್ಟು ಸುಟ್ಟವನು ನಾನು.

ಯಾವ ಊರು, ಯಾವಾಗ

ಹಲ್ಲಿಲ್ಲದ, ಬರಿಯ ಉರುಳೆಗಳ ಮೇಲೆ ಫಿಲ್ಮನ್ನು ಎಳೆಯುವ ಸ್ಕ್ಯಾನರು ಇರುವ ಒಂದು ಸ್ಟುಡಿಯೋಕ್ಕೆ ರೀಲನ್ನು ಕೈಯಲ್ಲೇ ಒಯ್ದೆವು. ಆ ವರ್ಷದ ವಾರ್ಷಿಕೋತ್ಸವದ ಹಣ ಅದಕ್ಕೆ ಹೋಯಿತು. ಸಮಿತಿಯಲ್ಲಿ ಇಬ್ಬರು ಈಗಲೂ ನನ್ನೊಡನೆ ಸರಿಯಾಗಿ ಮಾತಾಡುವುದಿಲ್ಲ. ಮರಳಿ ಬಂದದ್ದು 15,360 ಚಿತ್ರಗಳು, ಒಂದೊಂದು ಚೌಕಟ್ಟಿಗೆ ಒಂದೊಂದು.

ಊರು ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ‘ಪಟ್ಟಣ’ ಎಂದರೆ ಇಲ್ಲಿಯವರಿಗೆ ಮಂಗಳೂರು ಎಂದು ಒಬ್ಬರು ಪಟ್ಟು ಹಿಡಿದಿದ್ದರು. ಆದರೆ ಚಿತ್ರದಲ್ಲಿ ಟ್ರಾಮು ಇದೆ, ಅಂಗಡಿಗಳ ಬೋರ್ಡಿನಲ್ಲಿ ತಮಿಳು ಇದೆ, ಒಂದು ಕಡೆ ನಾಲ್ವರೂ ಮೂರ್ ಮಾರ್ಕೆಟ್ಟಿನ ಕಮಾನಿನ ಎದುರು ಹಾದುಹೋಗುತ್ತಾರೆ. 1900ರಲ್ಲಿ ತೆರೆದ ಆ ಮಾರುಕಟ್ಟೆ 1985ರಲ್ಲಿ ಸುಟ್ಟುಹೋಯಿತು. ಮದರಾಸೇ ಸರಿ.

ಕಾಲಕ್ಕೆ ಸ್ವಲ್ಪ ಬೆವರು ಹರಿಸಬೇಕಾಯಿತು. ಕೊಡಕ್ ತನ್ನ ಫಿಲ್ಮಿನ ಅಂಚಿನಲ್ಲಿ ವೃತ್ತ, ಚೌಕ, ತ್ರಿಕೋನಗಳ ಗುರುತು ಹಾಕುತ್ತಿತ್ತು. ಅದರಿಂದ ಫಿಲ್ಮು ತಯಾರಾದ ವರ್ಷ ತಿಳಿಯುತ್ತದೆ. ತೊಂದರೆಯೆಂದರೆ ಆ ಗುರುತುಗಳು ಇಪ್ಪತ್ತು ವರ್ಷಕ್ಕೊಮ್ಮೆ ಮರುಕಳಿಸುತ್ತವೆ. ನಮ್ಮ ರೀಲಿನ ಗುರುತು 1927, 1947, 1967 ಮೂರಕ್ಕೂ ಹೊಂದುತ್ತಿತ್ತು. ಮದರಾಸಿನಲ್ಲಿ ಟ್ರಾಮು ನಿಂತದ್ದು 1953ರ ಏಪ್ರಿಲಿನಲ್ಲಿ, ಹಾಗಾಗಿ 1967 ಬಿದ್ದುಹೋಯಿತು. ಒಂದು ಗೋಡೆಯ ಮೇಲೆ ಅರ್ಧ ಹರಿದ ಪೋಸ್ಟರು, ಅದರಲ್ಲಿ ತಮಿಳಿನಲ್ಲಿ ‘ಪೇಸುಂ ಪಡಂ’, ಮಾತಾಡುವ ಚಿತ್ರ. ತಮಿಳಿನ ಮೊದಲ ಮಾತಿನ ಚಿತ್ರ 1931ರದು. ಹೊಸ ಫಿಲ್ಮನ್ನು ನಾಲ್ಕೈದು ವರ್ಷ ಇಟ್ಟು ಬಳಸುವವರು ಕಡಿಮೆ, ಆದ್ದರಿಂದ 1927ನ್ನೂ ಕೈಬಿಟ್ಟೆವು. 1947ರ ಫಿಲ್ಮು, 1953ರ ಏಪ್ರಿಲಿನೊಳಗಿನ ಚಿತ್ರೀಕರಣ. ಮಾತೇ ಇಲ್ಲದ ಚಿತ್ರವೊಂದರ ಕಾಲವನ್ನು ಮಾತಾಡುವ ಚಿತ್ರದ ಪೋಸ್ಟರು ಹೇಳಿಕೊಟ್ಟಿತು.

ಫಿಲ್ಮಿನ ಎರಡೂ ಅಂಚಿನಲ್ಲಿ ತೂತಿದೆ. ಧ್ವನಿಯ ಪಟ್ಟಿಗೆ ಜಾಗವೇ ಇಲ್ಲ. ಧ್ವನಿಯನ್ನು ಬೇರೆ ಕಡೆ ಮುದ್ರಿಸಿ ಜೋಡಿಸುವ ಕ್ರಮವೂ ಇತ್ತಾದ್ದರಿಂದ ಇಷ್ಟರಿಂದಲೇ ಇದು ಮೂಕಚಿತ್ರ ಎನ್ನುವಂತಿಲ್ಲ. ಅದನ್ನು ತೀರ್ಮಾನಿಸುವುದು ವೇಗ.

ವೇಗ

ಸ್ಟುಡಿಯೋದವರು ಚಿತ್ರಗಳ ಜೊತೆ ಒಂದು ವಿಡಿಯೊ ಸಹ ಕೊಟ್ಟಿದ್ದರು, ಸೆಕೆಂಡಿಗೆ 24 ಚೌಕಟ್ಟಿನಂತೆ, 10 ನಿಮಿಷ 40 ಸೆಕೆಂಡು. ಧ್ವನಿ ಬಂದ ಮೇಲೆ ಸಿನಿಮಾಕ್ಕೆ ಗಟ್ಟಿಯಾದ ವೇಗ ಅದು, ಯಂತ್ರಗಳಿಗೆ ಅದೇ ಅಭ್ಯಾಸ. ಅದರಲ್ಲಿ ನಾಲ್ವರೂ ಮತ್ತೆ ಇರುವೆಗಳು; ತೆಗೆದ ವೇಗಕ್ಕಿಂತ ಬೇಗ ಓಡಿಸಿದರೆ ಹಾಗೆ ಕಾಣುತ್ತದೆ. ಹವ್ಯಾಸಿಗಳ ಮೂಕ ಫಿಲ್ಮಿಗೆ 16 ರೂಢಿ. ಆಮೇಲಿನ ಕಾಲದಲ್ಲಿ 18 ಬಂತು. 16ರಲ್ಲಿ ಓಡಿಸಿದರೆ ಇದೇ ಚಿತ್ರ ಸರಿಯಾಗಿ 16 ನಿಮಿಷ. ಯಾವುದು ಸರಿ ಎಂದು ಹೇಳುವ ಕಾಗದ ಯಾವುದೂ ಡಬ್ಬಿಯಲ್ಲಿರಲಿಲ್ಲ. 18 ಇಟ್ಟು ಮುಗಿಸೋಣ ಎಂದು ನಾನು ಹೊರಟಿದ್ದೆ.

ತಡೆದವರು ಒಬ್ಬ ಮದ್ದಳೆಗಾರರು. ಎಪ್ಪತ್ತೈದು ದಾಟಿದವರು, ತೆಂಕುತಿಟ್ಟಿನ ಯಕ್ಷಗಾನ ಮೇಳಗಳಲ್ಲಿ ತಿರುಗಾಟ ಮಾಡಿ ಈಗ ಮನೆಯಲ್ಲಿ ಕುಳಿತವರು. ಮೇಳಕ್ಕೆ ಸೇರಿದ ಹೊಸತರಲ್ಲಿ ಅಡಿಕೆ ತೋಟದ ಬದುವಿನಲ್ಲಿ ಮದ್ದಳೆ ಹೆಗಲಿಗೇರಿಸಿ ಆಟದ ಗದ್ದೆಗೆ ನಡೆದದ್ದು ಅವರಿಗೆ ಚೆನ್ನಾಗಿ ನೆನಪಿದೆ. ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುವವರೆಗೆ ರಾತ್ರಿಗೊಂದು ಊರು. ಅವರು ನಮ್ಮಲ್ಲಿಗೆ ಬರುವುದು ಪತ್ರಿಕೆ ಓದಲು. ಕಂಪ್ಯೂಟರಿನಲ್ಲಿ ವಾದ್ಯ ಕಂಡು ಹಿಂದೆ ನಿಂತರು.

24 ನೋಡಿ, ‘ಇದು ಸುಳ್ಳು’ ಎಂದರು.

18 ಹಾಕಿದೆ. ‘ಹತ್ತಿರ ಬಂತು. ಆದರೆ ಉಸಿರಿಗೆ ಜಾಗ ಸಾಲದು.’

16ಕ್ಕೆ ಏನೂ ಹೇಳಲಿಲ್ಲ, ಕುರ್ಚಿ ಎಳೆದು ಕುಳಿತರು.

‘ಹೇಗೆ ಗೊತ್ತಾಯಿತು ಅಣ್ಣ?’ ಎಂದು ಕೇಳಿದೆ.

‘ಕೈ ನೋಡಬೇಡಿ ಮಾಸ್ತರೇ, ಹೆಗಲು ನೋಡಿ. ಬೆರಳು ಎಷ್ಟು ಬೇಗ ಬೇಕಾದರೂ ಓಡುತ್ತದೆ, ಅದಕ್ಕೆ ಅಭ್ಯಾಸ ಇರುತ್ತದೆ. ಆದರೆ ನಿಂತುಕೊಂಡು, ಹೊಟ್ಟೆಗೆ ಕಟ್ಟಿದ ವಾದ್ಯವನ್ನು ಬೇಗದಲ್ಲಿ ಬಾರಿಸುವವನ ಹೆಗಲು ಮೇಲೆ ಏರುತ್ತದೆ, ಕೊರಳು ಗಿಡ್ಡ ಆಗುತ್ತದೆ. ಈ ಮನುಷ್ಯನ ಹೆಗಲು ಇಳಿದಿದೆ. ಚಿತ್ರ ಓಡುತ್ತಾ ಇದೆ, ಅವನು ಓಡುತ್ತಾ ಇಲ್ಲ.’

ಮತ್ತೆ ನೋಡಿದೆ. ಬನಿಯನ್ನಿನ ತೋಳಿನಿಂದ ಹೊರಗೆ ಕಾಣುವ ಆ ಹೆಗಲು, ಕೆಲಸ ಮುಗಿಸಿ ಬಾವಿಕಟ್ಟೆಯಲ್ಲಿ ಕುಳಿತವನದರ ಹಾಗೆ ಸಡಿಲವಾಗಿತ್ತು. ಅಷ್ಟು ಸಲ ನೋಡಿದ್ದರೂ ನಾನು ಕೈಯನ್ನೇ ನೋಡಿದ್ದೆ.

ನಮ್ಮ ಸಮಿತಿಯಲ್ಲಿ ಭೌತಶಾಸ್ತ್ರ ಕಲಿಸುವ ಒಬ್ಬ ಮಾಷ್ ಇದ್ದಾರೆ, ಕಾಞಂಗಾಡ್ ಕಡೆಯವರು. ಕನ್ನಡ ಓದಲು ಬಾರದು, ವಾದ ಮಾಡಲು ಧಾರಾಳವಾಗಿ ಬರುತ್ತದೆ. ಹೆಗಲು ಸಾಕ್ಷಿಯಾಗುವುದಿಲ್ಲ ಎಂದರು. ಗಡಿಯಾರವಿಲ್ಲದ ಚಿತ್ರದಲ್ಲಿ ಗಡಿಯಾರದ ಕೆಲಸ ಮಾಡುವ ಒಂದೇ ವಸ್ತು ಕೆಳಕ್ಕೆ ಬೀಳುವ ವಸ್ತು. ಭೂಮಿ ಯಾರ ಕ್ಯಾಮೆರಾಕ್ಕೂ ವೇಗ ಬದಲಿಸುವುದಿಲ್ಲ ಎಂಬುದು ಅವರ ಮಾತು. ಎರಡು ಸಂಜೆ ಹುಡುಕಿ ಅದನ್ನೂ ಹಿಡಿದರು. ಒಂದು ಓಣಿಯಲ್ಲಿ ಮಹಡಿಯ ಮೇಲಿನಿಂದ ಹೆಂಗಸೊಬ್ಬರು ಕಾಗದದಲ್ಲಿ ಕಾಸು ಸುತ್ತಿ ಕೆಳಗೆ ಬಿಡುತ್ತಾರೆ. ಬಿಳಿ ಚುಕ್ಕಿಯೊಂದು ಕೈಬಿಟ್ಟು ನೆಲ ಮುಟ್ಟುವುದಕ್ಕೆ 14 ಚೌಕಟ್ಟು. ಕೆಳಗಿನ ಬಾಗಿಲನ್ನು ಆರೂವರೆ ಅಡಿ ಎಂದು ಹಿಡಿದು ಅಳೆದರೆ ಮಹಡಿಯ ಕಟಾಂಜನ ಸುಮಾರು 12 ಅಡಿ ಎತ್ತರ. ಅಷ್ಟು ಎತ್ತರದಿಂದ ಬೀಳಲು 0.86 ಸೆಕೆಂಡು ಬೇಕು. 24ರ ವೇಗದಲ್ಲಿ ಚಿತ್ರ ತೆಗೆದಿದ್ದರೆ 21 ಚೌಕಟ್ಟು, 18ರಲ್ಲಿ ಹದಿನೈದೂವರೆ, 16ರಲ್ಲಿ 14.

‘24 ಅಲ್ಲ ಎಂದು ಆಣೆ ಹಾಕುತ್ತೇನೆ. 16, 18ರ ನಡುವೆ ಆಣೆ ಹಾಕಲಾರೆ, ಆಕೆ ಸ್ವಲ್ಪ ಜೋರಾಗಿ ಎಸೆದಿರಬಹುದು’ ಎಂದರು ಮಾಷ್. ಪ್ರಾಮಾಣಿಕ ಮನುಷ್ಯ. ಆದರೆ ಮದ್ದಳೆಗಾರರು 16, 18ರ ನಡುವೆಯೇ ಗೆರೆ ಎಳೆದಿದ್ದರು, ಲೆಕ್ಕಕ್ಕೆ ಎರಡು ದಿನ ಮೊದಲು. ನಾವು 16 ಎಂದು ಬರೆದುಕೊಂಡೆವು.

ಒಂದು ತೊಡಕು ಉಳಿಯಿತು. ಮರೀನಾ ಕಡಲ ಬದಿಯ ತುಣುಕು 16ರಲ್ಲಿ ತೀರಾ ನಿಧಾನ; ಅಲೆ ಬೀಳುವುದು, ಪಂಚೆ ಹಾರುವುದು ಎಲ್ಲ ಕನಸಿನಲ್ಲಿ ಆದ ಹಾಗೆ. ಆ ಕಾಲದ ಒಳ್ಳೆಯ ಕ್ಯಾಮೆರಾಗಳಲ್ಲಿ ವೇಗ ಬದಲಿಸುವ ತಿರುಪು ಇರುತ್ತಿತ್ತು. ತೆಗೆದವರು ಅಲ್ಲಿ 24ಕ್ಕೆ ತಿರುಗಿಸಿರಬೇಕು. ಕೈತಪ್ಪಿಯೋ ಬೇಕೆಂದೋ? ಆ 52 ಸೆಕೆಂಡುಗಳನ್ನು ‘ಸರಿ’ ಮಾಡಬಹುದಿತ್ತು. ‘ಕಡಲ ಬದಿಯಲ್ಲಿ ಯಾರಿಗೆ ಅವಸರ?’ ಎಂದರು ಮದ್ದಳೆಗಾರರು. ಬಿಟ್ಟೆವು.

ಸದ್ದು ಬೇಕೇ

ವೇಗ ಸರಿಯಾದ ಮೇಲೆ ಎದ್ದು ಕಂಡದ್ದು, ಈ ಚಿತ್ರದಲ್ಲಿ ಬಾರಿಸುವುದು ಎಷ್ಟು ಕಡಿಮೆ ಎಂಬುದು. ಹದಿನಾರು ನಿಮಿಷದಲ್ಲಿ ಮೂರು ನಿಮಿಷವೂ ಇಲ್ಲ. ಉಳಿದದ್ದೆಲ್ಲ ನಡೆಯುವುದು, ಟ್ರಾಮಿಗೆ ಕಾಯುವುದು, ನಲ್ಲಿಯಲ್ಲಿ ಮುಖ ತೊಳೆಯುವುದು, ಹಾರ್ಮೋನಿಯಂನ ಪಟ್ಟಿಯನ್ನು ಎಡ ಹೆಗಲಿನಿಂದ ಬಲಕ್ಕೆ ಬದಲಿಸುವುದು. ನಮ್ಮಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ವೇಷ ಕಟ್ಟಿ ಮನೆಮನೆಗೆ ಕುಣಿಯುವ ಆಟಿಕಳೆಂಜ ಬರುವುದನ್ನು ನೋಡಿದವರಿಗೆ ಇದು ಗೊತ್ತು: ಅಂಗಳದಲ್ಲಿ ತೆಂಬರೆ ಎಂಬ ಪುಟ್ಟ ಚರ್ಮವಾದ್ಯದ ಸದ್ದು ಐದು ನಿಮಿಷ, ಒಂದು ಮನೆಯಿಂದ ಇನ್ನೊಂದಕ್ಕೆ ಕೆಸರಿನ ದಾರಿ ಅರ್ಧ ಗಂಟೆ. ಅಂಗಳದ ಐದು ನಿಮಿಷವನ್ನು ಚಿತ್ರ ತೆಗೆಯುವವರು ಬಹಳ. ದಾರಿಯನ್ನು ತೆಗೆದವನು ಈ ಕ್ಯಾಮೆರಾದವನೊಬ್ಬ.

ಬಾರಿಸುವ ಭಾಗದಲ್ಲಿ ತಾಳದವರ ಕೈ ಸ್ಪಷ್ಟವಾಗಿದೆ. ಮದ್ದಳೆಗಾರರು ಎಣಿಸಿ ಏಳಕ್ಷರ ಎಂದರು, ‘ನಮ್ಮ ತ್ರಿವುಡೆ ತಾಳದ ಲೆಕ್ಕ, ಅವರು ಮಿಶ್ರಛಾಪು ಎಂದಾರು.’ ನಾವು ಚೌಕಟ್ಟು ಎಣಿಸಿದಾಗ ಒಂದು ಆವರ್ತಕ್ಕೆ 42, ಅಕ್ಷರಕ್ಕೆ ಆರು, ಹೆಚ್ಚು ಕಡಿಮೆ ಇಲ್ಲದೆ. ಇಷ್ಟಾದದ್ದೇ ತಡ, ಸಮಿತಿಯ ಹುಡುಗರು ಹಾಡು ಯಾವುದೆಂದು ಹುಡುಕತೊಡಗಿದರು. ಒಬ್ಬ ಮೊಬೈಲಿನಲ್ಲಿ ಏಳಕ್ಷರದ ಭಜನೆಯೊಂದನ್ನು ತಂದು ಚಿತ್ರಕ್ಕೆ ಹೊಂದಿಸಿಯೂ ತೋರಿಸಿದ. ಬಹಳ ಚೆನ್ನಾಗಿ ಹೊಂದಿತು, ಅದೇ ಅಪಾಯ. ತಾಳದಿಂದ ಹಾಡು ಹೇಳುವುದೆಂದರೆ ಚಪ್ಪಲಿಯ ಅಳತೆ ಹಿಡಿದು ಹೆಸರು ಹೇಳಿದ ಹಾಗೆ.

ಹುಡುಗರ ವಾದದಲ್ಲಿ ತಿರುಳಿಲ್ಲದೆ ಇರಲಿಲ್ಲ. ಮೂಕಚಿತ್ರದ ಕಾಲದಲ್ಲೂ ಚಿತ್ರಮಂದಿರ ಮೂಕವಾಗಿರಲಿಲ್ಲ, ಪರದೆಯ ಬದಿಯಲ್ಲಿ ಹಾರ್ಮೋನಿಯಂ, ತಬಲಾ ಕೂರುತ್ತಿದ್ದವು. ನಿಜ. ಆದರೆ ಇದು ಟಿಕೇಟಿನ ಚಿತ್ರವಲ್ಲ, ಮನೆಯ ಗೋಡೆಯ ಮೇಲೆ ನಾಲ್ಕು ಜನ ನೋಡಿಕೊಳ್ಳಲು ತೆಗೆದದ್ದು. ಮದ್ದಳೆಗಾರರನ್ನೇ ಬಾರಿಸಲು ಕೇಳಿದೆವು. ‘ಅವರು ಬಾರಿಸುವಾಗ ನಡುವೆ ನಾನು ಯಾಕೆ? ಅವರು ಬಾರಿಸದೆ ನಡೆಯುವಾಗ ನಾನು ಬಾರಿಸುವುದು ಮರ್ಯಾದೆಯಲ್ಲ’ ಎಂದರು. ಅಲ್ಲಿಗೆ ಮುಗಿಯಿತು.

ಮಳೆ ನಿಂತ ಮೇಲೆ ಎರಡನೆಯ ಪ್ರದರ್ಶನ ಇಟ್ಟೆವು, ಫ್ಯಾನು ಸಹ ಆರಿಸಿ. ಇಪ್ಪತ್ತಾರು ಜನ ಬಂದರು, ಆರು ಜನ ನಡುವೆ ಎದ್ದುಹೋದರು. ಒಬ್ಬರು ನಿದ್ದೆ ಹೋದರು. ನಗು ಒಮ್ಮೆಯೂ ಬರಲಿಲ್ಲ. ಬಾಲ್ಯವನ್ನು ಮದರಾಸಿನಲ್ಲಿ ಕಳೆದ ಒಬ್ಬ ಅಮ್ಮ ಟ್ರಾಮು ಕಾಣಿಸಿದಾಗಲೆಲ್ಲ ನೆಲಕ್ಕೆ ಹಿಮ್ಮಡಿ ಬಡಿಯುತ್ತಿದ್ದರು. ಕೇಳಿದರೆ, ಟ್ರಾಮಿನವನು ಗಂಟೆ ಒತ್ತುತ್ತಿದ್ದದ್ದು ಕಾಲಿನಲ್ಲಿ ಎಂದರು. ಆ ಸಂಜೆಯ ಹಿಮ್ಮೇಳ ಅಷ್ಟೇ.

ಐದನೆಯವರು

ಡಬ್ಬಿಯ ಮೇಲೆ 5 ಜನ ಎಂದಿದೆ. ಕಾಣುವುದು ನಾಲ್ವರು. ಕಾಸು ಹೆಕ್ಕುವ ಒಬ್ಬ ಹುಡುಗ ಎರಡು ಕಡೆ ಬರುತ್ತಾನೆ, ಅವನೇ ಐದನೆಯವನು ಎಂದು ಮಾಷ್ ಹೇಳುತ್ತಾರೆ. ಎರಡು ಕಡೆಯ ಹುಡುಗ ಒಬ್ಬನೇ ಅಲ್ಲ ಎಂದು ನನಗೆ ಕಾಣುತ್ತದೆ, ಅಂಗಿ ಬೇರೆ, ಕಿವಿ ಬೇರೆ.

ಮದ್ದಳೆಗಾರರು ನೋಡಿದ್ದು ಪಿಟೀಲಿನ ಚೀಲವನ್ನು. ಹದಿನಾರು ನಿಮಿಷದಲ್ಲಿ ಅದು ಒಮ್ಮೆಯೂ ಬಿಚ್ಚುವುದಿಲ್ಲ. ಉಳಿದ ಮೂವರು ಬಾರಿಸುವಾಗ ನಾಲ್ಕನೆಯವರು ಚೀಲ ಹಿಡಿದು ಪಕ್ಕದಲ್ಲಿ ನಿಂತು ಹಾಡುತ್ತಾರೆ, ಬಾಯಿ ಆಡುವುದು ಕಾಣುತ್ತದೆ. ಹಿಡಿಯುವುದು ಹೇಗೆಂದರೆ ಎರಡೂ ಕೈಯಲ್ಲಿ, ಎದೆಯಿಂದ ಸ್ವಲ್ಪ ದೂರದಲ್ಲಿ, ನೆಂಟರ ಮನೆಯ ಮಗುವನ್ನು ಎತ್ತಿಕೊಂಡ ಹಾಗೆ. ‘ಇದು ಅವನ ಪಿಟೀಲಲ್ಲ’ ಎಂದರು ಅವರು. ‘ತನ್ನ ವಾದ್ಯವನ್ನು ಯಾರೂ ಇಷ್ಟು ಹೆದರಿ ಹಿಡಿಯುವುದಿಲ್ಲ. ಕಂಕುಳಿಗೆ ಸಿಕ್ಕಿಸಿ ನಡೆಯುತ್ತಾರೆ. ಪಿಟೀಲಿನವನ ಕೈ ಆಗ ಖಾಲಿ ಇರಲಿಲ್ಲ, ಮಾಸ್ತರೇ. ಕ್ಯಾಮೆರಾ ಇತ್ತು.’

ಮಾಷ್ ಒಪ್ಪಿಲ್ಲ. ಒಪ್ಪಿಸುವಷ್ಟು ಪುರಾವೆ ನಮ್ಮಲ್ಲಿಲ್ಲ.

ರೀಲು ಈಗ ತಗಡಿನ ಡಬ್ಬಿಯಲ್ಲಿಲ್ಲ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಬೇರೆ ಫಿಲ್ಮುಗಳ ಹತ್ತಿರ ಸುಳಿಯದ ಹಾಗೆ, ಸಮಿತಿಯ ಒಬ್ಬರ ಮನೆಯ ತಂಪು ಕೋಣೆಯಲ್ಲಿದೆ. ಸ್ಕ್ಯಾನಿನ ಪ್ರತಿಗಳು ಮೂರು ಕಡೆ. ನಮ್ಮ ದಾಖಲೆ ಪುಸ್ತಕದಲ್ಲಿ ಅದರ ನಮೂದು ಹೀಗಿದೆ:

‘16 ಮಿ.ಮೀ., ಕಪ್ಪು ಬಿಳುಪು, ರಿವರ್ಸಲ್ ಮೂಲ, ಮೂಕ. 15,360 ಚೌಕಟ್ಟು, ಇದಲ್ಲದೆ 9 ಚೌಕಟ್ಟು ವಾಚನಾಲಯದಲ್ಲಿ ಸುಟ್ಟುಹೋಗಿವೆ. ಮದರಾಸು, 1947ರ ನಂತರ, ಏಪ್ರಿಲ್ 1953ರ ಮೊದಲು. ವೇಗ 16, ಕಡಲ ಬದಿಯ ಭಾಗ ಬಹುಶಃ 24, ಬದಲಿಸಿಲ್ಲ. ವೇಗ ನಿರ್ಣಯ: ಮದ್ದಳೆಗಾರರು, ಲೆಕ್ಕ ಆಮೇಲೆ ತಾಳೆಯಾಯಿತು. ಡಬ್ಬಿಯ ಮೇಲೆ 5 ಜನ. ಚಿತ್ರದಲ್ಲಿ 4. ಪಿಟೀಲು ಚೀಲದಲ್ಲಿದೆ.’